ಹಳೆಯ ಹಾಯಿದೋಣಿಯ ಸವೆದ ತೇಗದ ಪಟ್ಟಿಗಳ ದುರಸ್ತಿ: ಮರ ಉಳಿಸಿಕೊಂಡು ಕೆಲಸ ಮಾಡುವ ಬಗೆ

ಫೈಬರ್‌ಗ್ಲಾಸ್ ಒಡಲಿನ ಹಳೆಯ ಹಾಯಿದೋಣಿಯಲ್ಲಿ ಮುಪ್ಪು ಮೊದಲು ಕಾಣಿಸಿಕೊಳ್ಳುವುದು ಮರದ ಭಾಗಗಳಲ್ಲಿ. ಡೆಕ್ಕಿನ ಅಂಚಿನುದ್ದಕ್ಕೂ ಓಡುವ ಅಂಚುಪಟ್ಟಿ, ಕ್ಯಾಬಿನ್ ಚಾವಣಿಯ ಮೇಲಿನ ಹಿಡಿಪಟ್ಟಿ, ಕಾಕ್‌ಪಿಟ್ (ದೋಣಿ ನಡೆಸುವವರು ಕೂರುವ ತಗ್ಗು) ಸುತ್ತಲಿನ ತಡೆಗೋಡೆಯ ತಲೆಪಟ್ಟಿ, ಕ್ಯಾಬಿನ್ನಿಗೆ ಇಳಿಯುವ ಬಾಯಿಯ ಚೌಕಟ್ಟು, ಇವೆಲ್ಲ ಸಾಮಾನ್ಯವಾಗಿ ತೇಗದವು. ದಶಕಗಳ ಬಿಸಿಲು, ಉಪ್ಪುನೀರು ಮತ್ತು ಹಗ್ಗದ ಉಜ್ಜಾಟದ ನಂತರ ಅವು ಬೂದುಬಣ್ಣಕ್ಕೆ ತಿರುಗಿ, ಮೇಲ್ಮೈಯಲ್ಲಿ ಏರುತಗ್ಗು ಮೂಡಿ, ಸ್ಕ್ರೂಗಳ ಮೇಲಿನ ಮರದ ಬಿರಡೆಗಳು ಒಂದೊಂದಾಗಿ ಎದ್ದು ಹೋಗಿರುತ್ತವೆ. ನೋಡಿದವರು ಇದು ಮುಗಿದ ಮರ ಎಂದುಕೊಳ್ಳುತ್ತಾರೆ. ಬಹಳ ಸಲ ಅದು ನಿಜವಲ್ಲ. 1817ರಲ್ಲಿ ಬಾಂಬೆಯ ಹಡಗುಕಟ್ಟೆಯಲ್ಲಿ ತೇಗದಿಂದ ಕಟ್ಟಿದ ‘ಟ್ರಿಂಕೋಮಲಿ’ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇಂದಿಗೂ ತೇಲುತ್ತಿದೆ. ತೇಗ ಅಷ್ಟು ಸುಲಭಕ್ಕೆ ಸೋಲುವ ಮರವಲ್ಲ.

ದೋಣಿಯ ತೇಗವನ್ನು ಬೇಗ ಮುಗಿಸುವುದು ಸಮುದ್ರವಲ್ಲ, ಅದನ್ನು ಹೊಳೆಯಿಸಲು ಹೊರಟ ಕೈ. ಪ್ರತಿ ಸಲ ಗಟ್ಟಿ ಬ್ರಷ್‌ನಿಂದ ತಿಕ್ಕಿದಾಗ, ಪ್ರತಿ ಸಲ ಮರಳುಕಾಗದ ಹಾಕಿದಾಗ ಪಟ್ಟಿಯ ದಪ್ಪದಲ್ಲಿ ಒಂದಿಷ್ಟು ಹೋಗುತ್ತದೆ, ಹೋದದ್ದು ಮರಳಿ ಬರುವುದಿಲ್ಲ. ಆದ್ದರಿಂದ ಈ ಕೆಲಸದ ಪ್ರತಿ ಹಂತದಲ್ಲಿಯೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದಕ್ಕಿಂತ ಕಡಿಮೆ ಮರ ತೆಗೆದು ಇದನ್ನು ಸರಿಪಡಿಸಲು ಆಗುತ್ತದೆಯೇ?

ಮರ ಸವೆಯುವ ರೀತಿ

ತೇಗದ ಬೆಳವಣಿಗೆಯ ಉಂಗುರಗಳಲ್ಲಿ ಎರಡು ಬಗೆಯ ಮರವಿರುತ್ತದೆ. ಬೆಳವಣಿಗೆಯ ಋತುವಿನ ಮೊದಲಲ್ಲಿ ಬೆಳೆದ ಭಾಗದಲ್ಲಿ ದೊಡ್ಡ ರಂಧ್ರಗಳಿದ್ದು ಅದು ಮೆತ್ತಗಿರುತ್ತದೆ. ಆಮೇಲೆ ಬೆಳೆದದ್ದು ಒತ್ತಾಗಿ, ಗಟ್ಟಿಯಾಗಿರುತ್ತದೆ. ಬಿಸಿಲಿನ ನೇರಳಾತೀತ ಕಿರಣಗಳು ಮರದ ನಾರುಗಳನ್ನು ಹಿಡಿದಿಟ್ಟಿರುವ ಲಿಗ್ನಿನ್ ಎಂಬ ಅಂಟನ್ನು ಒಡೆಯುತ್ತವೆ, ಮಳೆ ಮತ್ತು ಅಲೆ ಅದನ್ನು ತೊಳೆದುಕೊಂಡು ಹೋಗುತ್ತವೆ. ಮೆತ್ತನೆಯ ಭಾಗ ಬೇಗ ಹೋಗುತ್ತದೆ, ಗಟ್ಟಿ ಭಾಗ ಏಣಿನಂತೆ ಉಳಿಯುತ್ತದೆ. ಬೆರಳಾಡಿಸಿದಾಗ ಸಿಗುವ ಆ ಗೆರೆಗೆರೆ ಮೇಲ್ಮೈ ಹುಟ್ಟುವುದು ಹೀಗೆ.

ಮೇಲಿನ ಬೂದುಬಣ್ಣದ ಪದರ ತೀರ ತೆಳುವು. ಅದರ ಕೆಳಗೆ ಜೇನುಬಣ್ಣದ ಆರೋಗ್ಯವಂತ ಮರ ಇರುತ್ತದೆ. ತೇಗದೊಳಗಿನ ಎಣ್ಣೆ, ರಬ್ಬರಿನಂಥ ಅಂಶಗಳು ನೀರನ್ನೂ ಶಿಲೀಂಧ್ರವನ್ನೂ ದೂರವಿಡುತ್ತವೆ. ಮರದಲ್ಲಿ ಸಿಲಿಕಾ, ಅಂದರೆ ಮರಳಿನಲ್ಲಿರುವ ಗಟ್ಟಿ ಖನಿಜ, ಕೂಡ ಇರುವುದರಿಂದ ಉಳಿಯ ಬಾಯಿ ಬೇಗ ಮೊಂಡಾಗುತ್ತದೆ. ಈ ಎಣ್ಣೆ ಮತ್ತು ಸಿಲಿಕಾ ಎರಡೂ ಮುಂದೆ ದುರಸ್ತಿಯ ಹೊತ್ತಿನಲ್ಲಿ ನಮ್ಮ ಎದುರು ನಿಲ್ಲುತ್ತವೆ. ಮೊದಲನೆಯದು ಅಂಟು ಹಿಡಿಯಲು ಬಿಡುವುದಿಲ್ಲ, ಎರಡನೆಯದು ಸಾಣೆಕಲ್ಲನ್ನು ಪಕ್ಕದಲ್ಲೇ ಇಟ್ಟುಕೊಳ್ಳುವಂತೆ ಮಾಡುತ್ತದೆ.

ಕೈ ಹಾಕುವ ಮೊದಲು ಅಳತೆ

ಒಂದು ಸ್ಕೇಲು, ಸೀಮೆಸುಣ್ಣ, ಮೊನಚಾದ ದಬ್ಬಳ ಮತ್ತು ಪ್ಲಾಸ್ಟಿಕ್ ಹಿಡಿಕೆಯ ಸ್ಕ್ರೂಡ್ರೈವರ್ ಹಿಡಿದುಕೊಂಡು ದೋಣಿಯ ಸುತ್ತ ನಿಧಾನವಾಗಿ ಒಂದು ಸುತ್ತು ಬನ್ನಿ. ಪ್ರತಿ ಪಟ್ಟಿಯ ದಪ್ಪವನ್ನು ಹಲವು ಕಡೆ ಅಳೆಯಿರಿ. ಹಗ್ಗ ಉಜ್ಜುವ ಜಾಗ, ಜನ ಹತ್ತಿ ಇಳಿಯುವ ಜಾಗ, ಮೂಲೆಗಳು ಹೆಚ್ಚು ಸವೆದಿರುತ್ತವೆ. ಬಿರಡೆ ಹಾರಿಹೋದ ರಂಧ್ರವಿದ್ದರೆ ಅದು ವರವೆಂದೇ ತಿಳಿಯಿರಿ, ಏಕೆಂದರೆ ಸ್ಕ್ರೂವಿನ ತಲೆಯ ಮೇಲೆ ಎಷ್ಟು ಮರ ಉಳಿದಿದೆ ಎಂಬುದನ್ನು ಅಲ್ಲಿ ನೇರವಾಗಿ ಅಳೆಯಬಹುದು. ಆ ಸಂಖ್ಯೆಯೇ ಮುಂದಿನ ತೀರ್ಮಾನಗಳನ್ನೆಲ್ಲ ನಿರ್ಧರಿಸುತ್ತದೆ. 10 ಮಿ.ಮೀ. ವ್ಯಾಸದ ಬಿರಡೆ ನೆಲೆಯಾಗಿ ಕೂರಬೇಕಾದರೆ 5–6 ಮಿ.ಮೀ. ಆಳ ಬೇಕು. ಅದಕ್ಕಿಂತ ಕಡಿಮೆಯಿದ್ದರೆ ಮೇಲ್ಮೈಯನ್ನು ನುಣುಪು ಮಾಡುವ ಮಾತು ಬಿಟ್ಟು, ಸ್ಕ್ರೂ ತೆಗೆದು ರಂಧ್ರವನ್ನು ಆಳಗೊಳಿಸುವ ಮಾತು ಆಡಬೇಕು.

ದಬ್ಬಳದಿಂದ ಕೂಡುಗಳ ಬಳಿ, ಪಟ್ಟಿಗಳ ತುದಿಗಳಲ್ಲಿ ಚುಚ್ಚಿ ನೋಡಿ. ಗಟ್ಟಿ ಮರ ತಡೆಯುತ್ತದೆ, ಕೊಳೆತದ್ದು ಒಳಗೆ ಬಿಡುತ್ತದೆ. ಬಿರಡೆಯ ಸುತ್ತ ಕಪ್ಪು ಕಲೆಯಿದ್ದರೆ ಅಲ್ಲಿ ನೀರು ನಿಲ್ಲುತ್ತಿದೆ, ಅಥವಾ ಕೆಳಗಿನ ಲೋಹ ತುಕ್ಕು ಹಿಡಿಯುತ್ತಿದೆ. ಹಸಿರು ಕಲೆ ಹಿತ್ತಾಳೆ ಅಥವಾ ಕಂಚಿನ ಸ್ಕ್ರೂವಿನದು. ಆಮೇಲೆ ಕ್ಯಾಬಿನ್ನಿನೊಳಗೆ ಇಳಿದು, ಹಿಡಿಪಟ್ಟಿಯ ಬೋಲ್ಟುಗಳು ಬರುವ ಜಾಗವನ್ನು ಕೆಳಗಿನಿಂದ ನೋಡಿ. ಅಲ್ಲಿ ಕಂದು ಬಣ್ಣದ ಇಳಿಗಲೆ ಕಂಡರೆ ನಿಮ್ಮ ಕೆಲಸ ಮರದ್ದಲ್ಲ, ಮರದ ಕೆಳಗಿನದು. ಹಿಡಿಪಟ್ಟಿಯನ್ನು ಎಷ್ಟು ಚೆನ್ನಾಗಿ ಹೊಳೆಯಿಸಿದರೂ ಸೋರಿಕೆ ನಿಲ್ಲುವುದಿಲ್ಲ. ಹಳೆಯ ದೋಣಿಯನ್ನು ಪ್ರೀತಿಯಿಂದ ಇಟ್ಟುಕೊಂಡವರಲ್ಲಿ ಎಷ್ಟೋ ಮಂದಿ ವಾರ್ನಿಷ್‌ಗೆ ಕೊಡುವ ಗಮನವನ್ನು ಈ ಇಳಿಗಲೆಗೆ ಕೊಡದಿರುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಸುತ್ತು ಮುಗಿಯುವ ಹೊತ್ತಿಗೆ ಪ್ರತಿ ಪಟ್ಟಿಯ ಮೇಲೂ ಸೀಮೆಸುಣ್ಣದ ಗುರುತು ಇರಲಿ: ಜಾಗದಲ್ಲೇ ಸರಿಪಡಿಸಬಹುದಾದದ್ದು, ಬಿಚ್ಚಿ ಸರಿಪಡಿಸಬೇಕಾದದ್ದು, ಬದಲಿಸಲೇಬೇಕಾದದ್ದು.

ತೊಳೆಯುವುದು

ಮೃದುವಾದ ಸೋಪಿನ ನೀರು, ಮೆತ್ತನೆಯ ಸ್ಪಂಜು ಅಥವಾ ನಾರುಪ್ಯಾಡ್, ಸಾಕಷ್ಟು ಸಿಹಿನೀರು ಇದ್ದರೆ ಸಾಕು. ಉಜ್ಜುವ ದಿಕ್ಕು ಮುಖ್ಯ: ಮರದ ಎಳೆಗೆ ಅಡ್ಡವಾಗಿ ಉಜ್ಜಬೇಕು. ಎಳೆಯ ಉದ್ದಕ್ಕೆ ಉಜ್ಜಿದರೆ ಬ್ರಷ್ಷಿನ ಕೂದಲು ಮೆತ್ತನೆಯ ಭಾಗಕ್ಕೆ ಇಳಿದು ಅದನ್ನು ಅಗೆದು ತೆಗೆಯುತ್ತದೆ. ಒತ್ತಡದ ನೀರಿನ ಯಂತ್ರವನ್ನು ತೇಗದ ಹತ್ತಿರವೂ ತರಬೇಡಿ. ಹಲವು ವರ್ಷಗಳ ಸವೆತವನ್ನು ಅದು ಒಂದೇ ಮಧ್ಯಾಹ್ನದಲ್ಲಿ ಮಾಡಿ ಮುಗಿಸುತ್ತದೆ.

ಎರಡು ಬಾಟಲಿಗಳಲ್ಲಿ ಬರುವ ಪ್ರಬಲ ತೇಗ ಶುದ್ಧಿಕಾರಕಗಳು ಕಣ್ಣಿಗೆ ಪವಾಡದಂತೆ ಕಾಣುತ್ತವೆ. ಅವುಗಳಲ್ಲಿ ಸಾಮಾನ್ಯವಾಗಿ ಮೊದಲನೆಯದು ತೀಕ್ಷ್ಣ ಕ್ಷಾರ, ಎರಡನೆಯದು ಅದನ್ನು ತಟಸ್ಥಗೊಳಿಸಿ ಬಣ್ಣ ತಿಳಿಯಾಗಿಸುವ ಆಮ್ಲ. ಕೊಳೆಯ ಜೊತೆಗೆ ಮೆತ್ತನೆಯ ನಾರನ್ನೂ ಇವು ತಿನ್ನುತ್ತವೆ. ಬಿಚ್ಚಿ, ಕೆರೆದು, ಮತ್ತೆ ಮುಚ್ಚಲಿರುವ ಪಟ್ಟಿಗೆ ಇದರ ಅಗತ್ಯವೇ ಇಲ್ಲ. ಕಬ್ಬಿಣದ ಕಪ್ಪು ಕಲೆಗಳಿಗೆ ಮಾತ್ರ ಆಕ್ಸಾಲಿಕ್ ಆಮ್ಲದ ದ್ರಾವಣ ಒಳ್ಳೆಯ ಔಷಧ. ಕೈಗವಸು, ಕನ್ನಡಕ ಧರಿಸಿ, ಸುತ್ತಲಿನ ಜೆಲ್‌ಕೋಟ್ (ಫೈಬರ್‌ಗ್ಲಾಸ್ ಮೇಲಿನ ಹೊಳಪಿನ ಹೊರಪದರ) ಮತ್ತು ಅಲ್ಯೂಮಿನಿಯಂ ಭಾಗಗಳನ್ನು ಮೊದಲೇ ನೀರಿನಿಂದ ತೋಯಿಸಿ, ಕಲೆಗೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ತೊಳೆಯಿರಿ.

ಬಿಚ್ಚುವುದು

ಬಿಚ್ಚುವ ಮೊದಲು ಒಂದು ಎಚ್ಚರಿಕೆ. ಅನೇಕ ಹಳೆಯ ದೋಣಿಗಳಲ್ಲಿ ಅಂಚುಪಟ್ಟಿ ಅಲಂಕಾರಕ್ಕಲ್ಲ. ಒಡಲು ಮತ್ತು ಡೆಕ್ ಸೇರುವ ಕೂಡು ಅದರ ಕೆಳಗೇ ಇದ್ದು, ಪಟ್ಟಿಯ ಬೋಲ್ಟುಗಳೇ ಆ ಕೂಡನ್ನು ಬಿಗಿಹಿಡಿದಿರುತ್ತವೆ. ಹಾಯಿಯ ಹಗ್ಗದ ಹಳಿಯೂ ಅದೇ ಪಟ್ಟಿಯ ಮೇಲೆ ಕೂತಿರಬಹುದು. ಇಂಥ ಪಟ್ಟಿಯನ್ನು ಒಂದೇ ಬಾರಿಗೆ ಪೂರ್ತಿ ಬಿಚ್ಚಬೇಡಿ. ಒಂದು ತುಂಡು ಬಿಚ್ಚಿ, ದುರಸ್ತಿ ಮಾಡಿ, ಕೂರಿಸಿದ ಮೇಲೆಯೇ ಮುಂದಿನದಕ್ಕೆ ಹೋಗಿ. ತೆಗೆದ ಬೋಲ್ಟಿನ ಜಾಗದಲ್ಲಿ ತಾತ್ಕಾಲಿಕವಾಗಿ ಬೇರೆ ಬೋಲ್ಟು, ವಾಷರು ಹಾಕಿಡುವುದು ಇನ್ನೂ ಒಳ್ಳೆಯದು. ಸವೆತ ಬರಿ ಮೇಲ್ಮೈಯದಾಗಿ, ಕೆಳಗೆ ಸೋರಿಕೆಯ ಸುಳಿವಿಲ್ಲದಿದ್ದರೆ ಅಂಚುಪಟ್ಟಿಯನ್ನು ಇದ್ದಲ್ಲೇ ಬಿಡಿ ಎಂಬುದು ನನ್ನ ಸಲಹೆ.

ಬಿರಡೆ ತೆಗೆಯಲು ಅದರ ನಡುವೆ 3 ಮಿ.ಮೀ. ರಂಧ್ರ ಕೊರೆಯಿರಿ. ಆ ರಂಧ್ರಕ್ಕೆ ಒಂದು ಸಾಮಾನ್ಯ ಮರದ ಸ್ಕ್ರೂ ತಿರುಗಿಸಿ. ಅದರ ತುದಿ ಕೆಳಗಿನ ಸ್ಕ್ರೂವಿನ ತಲೆಗೆ ತಾಗಿದ ಮೇಲೂ ತಿರುಗಿಸುತ್ತಾ ಹೋದರೆ ಬಿರಡೆ ತಾನಾಗಿ ಮೇಲಕ್ಕೆ ಏರಿ ಬರುತ್ತದೆ. ಎಪಾಕ್ಸಿಯಲ್ಲಿ, ಅಂದರೆ ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟಿನಲ್ಲಿ, ಕೂರಿಸಿದ ಬಿರಡೆ ಹೀಗೆ ಬಾರದು. ಅದನ್ನು ಸಣ್ಣ ಉಳಿಯಿಂದ ನಡುವಿನಿಂದ ಅಂಚಿನ ಕಡೆಗೆ ಒಡೆದು ತೆಗೆಯಬೇಕು. ರಂಧ್ರದ ಅಂಚು ಚೂರಾಗದಂತೆ ನೋಡಿಕೊಳ್ಳಿ. ಅಂಚು ಕೆಟ್ಟರೆ ಮುಂದಿನ ಬಿರಡೆಯ ಗಾತ್ರ ದೊಡ್ಡದಾಗುತ್ತದೆ, ಅಂದರೆ ಮತ್ತಷ್ಟು ಮರ ಹೋಗುತ್ತದೆ.

ಸ್ಕ್ರೂವಿನ ತಲೆಯ ಗೀರಿನಲ್ಲಿ ತುಂಬಿರುವ ಹಳೆಯ ವಾರ್ನಿಷ್, ಅಂಟನ್ನು ದಬ್ಬಳದಿಂದ ಪೂರ್ತಿ ಕೆರೆದು ತೆಗೆಯಿರಿ. ಗೀರಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಬಳಸಿ, ಮೊದಲು ಕೂದಲೆಳೆಯಷ್ಟು ಬಿಗಿಮಾಡಿ, ಆಮೇಲೆ ಸಡಿಲಿಸಿ. ಜಗ್ಗದಿದ್ದರೆ ಕಾಯಿಸಿದ ಸೋಲ್ಡರಿಂಗ್ ಕಡ್ಡಿಯನ್ನು ತಲೆಯ ಮೇಲೆ ಒಂದೆರಡು ನಿಮಿಷ ಇಟ್ಟು ಮತ್ತೆ ಯತ್ನಿಸಿ. ತುಂಡಾದ ಸ್ಕ್ರೂವಿಗೆ ಟೊಳ್ಳು ಕೊಳವೆಯಂಥ ಡ್ರಿಲ್ ಬಿಟ್ ಸಿಗುತ್ತದೆ. ಅದು ಸ್ಕ್ರೂವಿನ ಸುತ್ತ ಮರವನ್ನು ಕೊರೆದು ತೆಗೆಯುತ್ತದೆ, ಆ ರಂಧ್ರವನ್ನು ತೇಗದ ಗೂಟದಿಂದ ತುಂಬಬಹುದು.

ಸ್ಕ್ರೂಗಳೆಲ್ಲ ಬಂದ ಮೇಲೂ ಪಟ್ಟಿ ಹಳೆಯ ಸೀಲಂಟಿನ (ನೀರು ಇಳಿಯದಂತೆ ಸಂದಿಗೆ ತುಂಬುವ ಅಂಟಿನ) ಹಿಡಿತದಲ್ಲಿರುತ್ತದೆ. ಇಲ್ಲಿ ಅವಸರಪಟ್ಟವರು ಪಟ್ಟಿಯನ್ನು ಸೀಳಿಬಿಡುತ್ತಾರೆ. ತೆಳುವಾದ ಅಗಲ ಅಲಗನ್ನು ಕೆಳಗೆ ತೂರಿಸಿ ಸೀಲಂಟನ್ನು ಕತ್ತರಿಸುತ್ತಾ, ಹಿಂದೆಯೇ ಮರದ ಬೆಣೆಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಒಳಗೆ ತಳ್ಳುತ್ತಾ ಹೋಗಿ. ಬೆಣೆಗಳನ್ನು ಹಾಗೆಯೇ ಬಿಟ್ಟು ಮರುದಿನ ಬಂದರೆ ಸೀಲಂಟು ತಾನೇ ಸೋತಿರುವುದೂ ಉಂಟು. ಬಂದ ಪಟ್ಟಿಯ ಕೆಳಮೈಯಲ್ಲಿ ಪೆನ್ಸಿಲ್‌ನಿಂದ ಎಡ, ಬಲ, ಮುಂದು, ಹಿಂದು ಮತ್ತು ಕ್ರಮಸಂಖ್ಯೆ ಬರೆಯಿರಿ. ಬಾಗಿದ ಪಟ್ಟಿಯನ್ನು ಅದರ ಬಾಗಿಗೆ ತಕ್ಕಂತೆ ಆಧಾರ ಕೊಟ್ಟು ನೆರಳಿನಲ್ಲಿಡಿ.

ಪಟ್ಟಿಯ ಕೆಳಗೆ

ಈ ಭಾಗವನ್ನು ದಯವಿಟ್ಟು ಹಾರಿಸಬೇಡಿ. ಕ್ಯಾಬಿನ್ ಚಾವಣಿ ಮತ್ತು ಡೆಕ್ ಸಾಮಾನ್ಯವಾಗಿ ಎರಡು ಫೈಬರ್‌ಗ್ಲಾಸ್ ಪದರಗಳ ನಡುವೆ ಬಾಲ್ಸಾ ಎಂಬ ಹಗುರ ಮರದ ಅಥವಾ ಪ್ಲೈವುಡ್ಡಿನ ತಿರುಳಿಟ್ಟು ಮಾಡಿದವು. ಹಿಡಿಪಟ್ಟಿಯ ಬೋಲ್ಟುಗಳು ಈ ತಿರುಳನ್ನು ಹಾಯ್ದು ಹೋಗುತ್ತವೆ. ಸೀಲಂಟು ಸೋತ ದಿನದಿಂದ ನೀರು ತಿರುಳಿಗೆ ಇಳಿಯುತ್ತದೆ, ಮತ್ತೆ ಹೊರಬರಲು ಅದಕ್ಕೆ ದಾರಿಯಿರುವುದಿಲ್ಲ. ರಂಧ್ರದ ಸುತ್ತ ಸ್ಕ್ರೂಡ್ರೈವರಿನ ಹಿಡಿಕೆಯಿಂದ ತಟ್ಟಿ ನೋಡಿ. ಗಟ್ಟಿ ಡೆಕ್ ಟಣ್ಣೆನ್ನುತ್ತದೆ, ಕೊಳೆತ ತಿರುಳಿನ ಮೇಲಿನ ಡೆಕ್ ಮಂಕಾಗಿ ಗುದ್ದುತ್ತದೆ. ರಂಧ್ರದೊಳಗೆ ಬಾಗಿದ ಕಡ್ಡಿಯಿಂದ ಕೆರೆದಾಗ ಒಣ, ತಿಳಿಬಣ್ಣದ ಪುಡಿ ಬಂದರೆ ನೀವು ಭಾಗ್ಯವಂತರು. ಕಪ್ಪಾದ ಒದ್ದೆ ಪುಡಿ ಕೈತುಂಬ ಬಂದರೆ ಪಟ್ಟಿಯ ಕೆಲಸ ನಿಲ್ಲಿಸಿ, ಡೆಕ್ಕಿನ ದುರಸ್ತಿಯನ್ನು ಮೊದಲು ಮಾಡಿಸಬೇಕು.

ತಿರುಳು ಒಣಗಿದ್ದರೆ, ಇನ್ನು ಮುಂದೆಯೂ ಒಣಗಿರುವಂತೆ ಮಾಡುವ ಸಮಯ ಇದು. ಮೇಲಿನ ಪದರ ಮತ್ತು ತಿರುಳಿನ ಮೂಲಕ, ಬೋಲ್ಟಿನ ಅಳತೆಗಿಂತ ದೊಡ್ಡ ರಂಧ್ರ ಕೊರೆಯಿರಿ. 6 ಮಿ.ಮೀ. ಬೋಲ್ಟಿಗೆ 12 ಮಿ.ಮೀ. ರಂಧ್ರ ಸರಿಹೋಗುತ್ತದೆ. ಒಳಗಿನ ಪದರವನ್ನು ಹಾಗೆಯೇ ಬಿಡಿ, ಅದರ ಹಳೆಯ ರಂಧ್ರಕ್ಕೆ ಕೆಳಗಿನಿಂದ ಟೇಪ್ ಹಚ್ಚಿ. ಮೊದಲು ತೆಳು ಎಪಾಕ್ಸಿಯನ್ನು ರಂಧ್ರದ ಗೋಡೆಗೆ ಹಚ್ಚಿ ತಿರುಳು ಕುಡಿಯಲು ಬಿಡಿ, ಆಮೇಲೆ ಸಿಲಿಕಾ ಪುಡಿ ಬೆರೆಸಿ ಗಟ್ಟಿಮಾಡಿದ ಎಪಾಕ್ಸಿಯನ್ನು ತುಂಬಿ. ಅದು ಪೂರ್ತಿ ಗಟ್ಟಿಯಾದ ಮೇಲೆ ನಡುವೆ ಬೋಲ್ಟಿನ ಅಳತೆಯ ರಂಧ್ರ ಕೊರೆದರೆ, ಮುಂದೆಂದಾದರೂ ಸೀಲಂಟು ಸೋತರೂ ನೀರು ತಿರುಳನ್ನು ಮುಟ್ಟುವುದಿಲ್ಲ.

ಹಳೆಯ ಸೀಲಂಟನ್ನು ಪೂರ್ತಿ ಕೆರೆದು ತೆಗೆಯಿರಿ. ಹಿಂದಿನವರು ಸಿಲಿಕೋನ್ ಬಳಸಿದ್ದರೆ ಕೆಲಸ ಹೆಚ್ಚು: ಅದರ ಕಣ್ಣಿಗೆ ಕಾಣದ ಪಸೆಯ ಮೇಲೆ ಬೇರೇನೂ ಹಿಡಿಯುವುದಿಲ್ಲ. ಅಲಗಿನಿಂದ ಕೆರೆದು, ಮರಳುಕಾಗದದಿಂದ ಉಜ್ಜಿ, ಹೊಸ ಮೇಲ್ಮೈ ಕಾಣುವವರೆಗೆ ಹೋಗಬೇಕು.

ಮರದ ದುರಸ್ತಿ

ಮರದ ಧೂಳಿನ ಬಗ್ಗೆ ಮೊದಲು ಹೇಳಬೇಕು. ತೇಗದ ಧೂಳು ಹಲವರಿಗೆ ಚರ್ಮದ ತುರಿಕೆ, ಉಸಿರಾಟದ ತೊಂದರೆ ತರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಧೂಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಎನ್-95 ಅಥವಾ ಅದಕ್ಕಿಂತ ಉತ್ತಮ ಮುಖಗವಸು ಇಲ್ಲದೆ ಸ್ಯಾಂಡರ್ (ಮರಳುಕಾಗದ ಹಾಕಿ ಉಜ್ಜುವ ಯಂತ್ರ) ಚಾಲೂ ಮಾಡಬೇಡಿ.

ಗೆರೆಗೆರೆಯಾದ ಮೇಲ್ಮೈಗೆ ನಾನು ಮೊದಲು ಎತ್ತಿಕೊಳ್ಳುವುದು ಸ್ಯಾಂಡರನ್ನಲ್ಲ, ಉಕ್ಕಿನ ತೆಳು ಹಾಳೆಯ ಸ್ಕ್ರ್ಯಾಪರನ್ನು. ಅದರ ಅಂಚನ್ನು ಸರಿಯಾಗಿ ಮಸೆದು, ಎರಡೂ ಕೈಯಲ್ಲಿ ತುಸು ಬಾಗಿಸಿ ಹಿಡಿದು ಎಳೆದರೆ, ಏಣುಗಳ ತಲೆ ಮಾತ್ರ ಸುರುಳಿ ಸುರುಳಿಯಾಗಿ ಬರುತ್ತದೆ, ತಗ್ಗಿನ ಮರ ಹಾಗೆಯೇ ಉಳಿಯುತ್ತದೆ. ಧೂಳೂ ಕಡಿಮೆ. ಮೆತ್ತನೆಯ ಪ್ಯಾಡಿನ ಸ್ಯಾಂಡರ್ ಇದಕ್ಕೆ ಉಲ್ಟಾ: ಅದು ಏಣು, ತಗ್ಗು ಎರಡನ್ನೂ ಹಿಂಬಾಲಿಸುತ್ತದೆ, ಸಮ ಆಗುವುದು ಬಿಟ್ಟು ಮರ ಮಾತ್ರ ಕಡಿಮೆಯಾಗುತ್ತದೆ. ಸ್ಕ್ರ್ಯಾಪರ್ ಆದ ಮೇಲೆ ಗಟ್ಟಿ ಮರದ ತುಂಡಿಗೆ ಸುತ್ತಿದ 80ರ, ನಂತರ 120ರ ಮರಳುಕಾಗದ ಸಾಕು (ಸಂಖ್ಯೆ ಹೆಚ್ಚಿದಷ್ಟೂ ಕಾಗದ ನಯ). ವಾರ್ನಿಷ್ ಹಚ್ಚುವುದಿದ್ದರೆ 180ರವರೆಗೆ ಹೋಗಿ. ಅತ್ಯಂತ ಆಳದ ತಗ್ಗೂ ಮಾಯವಾಗಬೇಕೆಂದು ಹಟ ಹಿಡಿಯಬೇಡಿ. ಅಲ್ಲಲ್ಲಿ ಒಂದು ಹಳೆಯ ಗೆರೆ ಉಳಿದರೆ ದೋಣಿಗೆ ಯಾವ ಕೇಡೂ ಇಲ್ಲ, ಅದನ್ನು ಅಳಿಸಲು ಪಟ್ಟಿಯ ಉದ್ದಕ್ಕೂ ಒಂದು ಮಿ.ಮೀ. ಕಳೆದುಕೊಳ್ಳುವುದು ದುಬಾರಿ.

ಚೂಪಾದ ಮೂಲೆಗಳನ್ನು 3 ಮಿ.ಮೀ. ತ್ರಿಜ್ಯಕ್ಕಾದರೂ ದುಂಡಾಗಿಸಿ. ಯಾವ ಲೇಪವೂ ಚೂಪು ಅಂಚಿನಲ್ಲಿ ತೆಳುವಾಗುತ್ತದೆ, ಒಡೆಯುವುದು ಅಲ್ಲಿಂದಲೇ ಶುರು.

ಅಡಿಗೂ ತಲೆಗೂ ಸಪಾಟಾದ ಪಟ್ಟಿಗೆ ಒಂದು ಸೊಗಸಾದ ಉಪಾಯವಿದೆ: ಅದನ್ನು ಮಗುಚಿ ಹಾಕುವುದು. ಇಷ್ಟು ವರ್ಷ ಬಿಸಿಲು ಕಾಣದ ಕೆಳಮೈ ಬಹುತೇಕ ಹೊಸದಾಗಿಯೇ ಇರುತ್ತದೆ. ಎಡಬದಿಯ ಪಟ್ಟಿಯನ್ನು ಮಗುಚಿದರೆ ಬಲಬದಿಯ ಬಾಗಿಗೆ ಹೊಂದುವುದೂ ಉಂಟು. ಹಳೆಯ ರಂಧ್ರಗಳಿಗೆ ಎರಡೂ ಕಡೆಯಿಂದ ತೇಗ ತುಂಬಿ, ಹೊಸ ರಂಧ್ರ ಕೊರೆದರೆ ಆಯಿತು. ಹೊಸ ಮರ ಕೊಳ್ಳುವ ಮೊದಲು ಇದು ಸಾಧ್ಯವೇ ಎಂದು ನೋಡಲೇಬೇಕು.

ಬಿರುಕುಗಳಲ್ಲಿ ಎರಡು ಬಗೆ. ಎಳೆಯ ಉದ್ದಕ್ಕೆ ಬಿದ್ದ, ಆಳವಿಲ್ಲದ ಕೂದಲು ಬಿರುಕಿಗೆ ಏನೂ ಮಾಡಬೇಕಿಲ್ಲ. ಪಟ್ಟಿಯನ್ನು ಹಾಯ್ದು ಹೋದ ಅಥವಾ ಸ್ಕ್ರೂ ರಂಧ್ರಗಳನ್ನು ಸೇರಿಸುವ ಬಿರುಕಿಗೆ ಅಂಟು ಬೇಕು. ಬಿರುಕನ್ನು ಬೆಣೆಯಿಂದ ತುಸು ಅಗಲಿಸಿ, ಅಸಿಟೋನ್‌ನಿಂದ ತೊಳೆದು ಒಣಗಿಸಿ, ಸಿರಿಂಜಿನಿಂದ ತೆಳು ಎಪಾಕ್ಸಿ ತೂರಿಸಿ, ಬೆಣೆ ತೆಗೆದು ಕ್ಲಾಂಪ್ ಹಾಕಿ. ಎಪಾಕ್ಸಿಗೆ ತೇಗದ ಹೊಟ್ಟು ಬೆರೆಸಿ ಅಗಲ ಬಿರುಕುಗಳನ್ನು ಮುಚ್ಚುವವರಿದ್ದಾರೆ. ಅದು ಒಣಗಿದ ಮೇಲೆ ಮರಕ್ಕಿಂತ ಬಹಳ ಕಪ್ಪಾಗಿ ಕಾಣುತ್ತದೆ, ಮರ ಹಿಗ್ಗಿ ಕುಗ್ಗುವಾಗ ಬಿಟ್ಟುಕೊಳ್ಳುತ್ತದೆ. ಅಗಲ ಬಿರುಕಿಗೆ ತೇಗದ ತೆಳು ಸೀಳನ್ನೇ ಕೂರಿಸುವುದು ಲೇಸು.

ಒಂದೇ ಕಡೆ ಆಳವಾಗಿ ಸವೆದ ಅಥವಾ ಕೊಳೆತ ಜಾಗಕ್ಕೆ ತೇಪೆ ಹಾಕಬೇಕು. ಸುತ್ತಲಿನ ಮರದ ಎಳೆ ಮತ್ತು ಬಣ್ಣಕ್ಕೆ ಹೊಂದುವ ತೇಗದ ತುಂಡು ಆರಿಸಿ. ತೇಪೆಯನ್ನು ಚೌಕವಾಗಿ ಕತ್ತರಿಸಬೇಡಿ. ತುದಿಗಳು ಓರೆಯಾಗಿರಲಿ, ಏಕೆಂದರೆ ಎಳೆಗೆ ನೇರ ಅಡ್ಡವಾಗಿ ಬರುವ ಕೂಡು ಕಣ್ಣಿಗೂ ಕುಕ್ಕುತ್ತದೆ, ಅಂಟನ್ನೂ ಚೆನ್ನಾಗಿ ಹಿಡಿಯುವುದಿಲ್ಲ. ಮೊದಲು ತೇಪೆಯನ್ನು ಮಾಡಿ, ಅದರ ಬದಿಗಳನ್ನು ಕೆಳಕ್ಕೆ ತುಸು ಕಿರಿದಾಗಿಸಿ. ಅದನ್ನು ಪಟ್ಟಿಯ ಮೇಲಿಟ್ಟು ಚೂಪು ಚಾಕುವಿನಿಂದ ಸುತ್ತ ಗೀರಿ, ಗೀರಿನ ಒಳಗಡೆ ಉಳಿಯಿಂದ 6–8 ಮಿ.ಮೀ. ಆಳದ ಕುಳಿ ತೆಗೆಯಿರಿ. ಕುಳಿಗೆ ತಕ್ಕ ತೇಪೆ ಮಾಡುವುದಕ್ಕಿಂತ ತೇಪೆಗೆ ತಕ್ಕ ಕುಳಿ ಮಾಡುವುದು ಎಷ್ಟೋ ಸುಲಭ. ತೇಪೆ ಮೇಲ್ಮೈಗಿಂತ ಒಂದೆರಡು ಮಿ.ಮೀ. ಎತ್ತರವಿರಲಿ. ಅಂಟು ಗಟ್ಟಿಯಾದ ಮೇಲೆ ಕೀಸುಳಿಯಿಂದ ಸಮ ಮಾಡಬಹುದು.

ಪಟ್ಟಿಯ ಒಂದು ಭಾಗವೇ ಹೋಗಿದ್ದರೆ ಓರೆ ಕೂಡು ಬೇಕು. ಹಳೆಯ ಮರವನ್ನೂ ಹೊಸ ಮರವನ್ನೂ ಒಂದೇ ಇಳಿಜಾರಿನಲ್ಲಿ ಓರೆಯಾಗಿ ಕತ್ತರಿಸಿ ಒಂದರ ಮೇಲೊಂದು ಕೂರಿಸುವ ಕ್ರಮ ಇದು. ಇಳಿಜಾರಿನ ಉದ್ದ ದಪ್ಪದ ಕನಿಷ್ಠ 8 ಪಟ್ಟು ಇರಬೇಕು: 25 ಮಿ.ಮೀ. ದಪ್ಪದ ಪಟ್ಟಿಗೆ 200 ಮಿ.ಮೀ. ಉದ್ದದ ಓರೆ. ಬಾಗಿನ ಭಾಗದಲ್ಲಿ ಕೂಡು ಬರುವುದಾದರೆ 12 ಪಟ್ಟು, ಅಂದರೆ 300 ಮಿ.ಮೀ. ಇಡಿ. ಮೇಲ್ಮೈಯಲ್ಲಿ ಕಾಣುವ ತೆಳು ಅಂಚು ದೋಣಿಯ ಹಿಂಬದಿಗೆ ಮುಖ ಮಾಡಿರಲಿ, ಮುಂದಿನಿಂದ ಬರುವ ನೀರು, ಜಾರುವ ಹಗ್ಗ ಅದನ್ನು ಎಬ್ಬಿಸದಿರಲು ಇದು ಬೇಕು. ಎರಡೂ ಓರೆಗಳನ್ನು ಒಂದರ ಪಕ್ಕ ಒಂದಿಟ್ಟು ಕ್ಲಾಂಪ್ ಹಾಕಿ ಒಟ್ಟಿಗೆ ಕೀಸಿದರೆ ಇಳಿಜಾರು ತಾನಾಗಿ ಒಂದೇ ಆಗುತ್ತದೆ. ಅಂಟಿಸುವಾಗ ಓರೆಗಳು ಒಂದರ ಮೇಲೊಂದು ಜಾರುತ್ತವೆ. ಆದ್ದರಿಂದ ಅಂಟಿಲ್ಲದೆ ಒಮ್ಮೆ ಜೋಡಿಸಿ, ಬಿರಡೆಯ ಕೆಳಗೆ ಮುಚ್ಚಿಹೋಗುವ ಜಾಗದಲ್ಲಿ ಸಣ್ಣ ಮೊಳೆ ಹೊಡೆದು ಸ್ಥಾನ ಗುರುತಿಸಿಟ್ಟುಕೊಳ್ಳಿ.

ಇನ್ನು ಅಂಟು. ತೇಗದ ಎಣ್ಣೆಯ ಕಾರಣಕ್ಕೆ ಈ ಮರ ಅಂಟುವುದೇ ಇಲ್ಲ ಎಂದು ಹೇಳುವವರಿದ್ದಾರೆ. ಅಂಟುತ್ತದೆ, ಆದರೆ ಕ್ರಮ ತಪ್ಪಬಾರದು. ಅಂಟಿಸುವ ದಿನವೇ ಮೇಲ್ಮೈಯನ್ನು 80ರ ಮರಳುಕಾಗದದಿಂದ ಉಜ್ಜಿ ಹೊಸ ಮರ ತೆರೆಯಿರಿ. ಬಿಳಿ ಬಟ್ಟೆಗೆ ಅಸಿಟೋನ್ ಹಾಕಿ ಒರೆಸಿ. ಬಟ್ಟೆಗೆ ಹಳದಿ ಕಂದು ಬಣ್ಣ ಬರುತ್ತದೆ, ಬರುವುದು ಕಡಿಮೆಯಾಗುವವರೆಗೆ ಬಟ್ಟೆ ಬದಲಿಸುತ್ತಾ ಒರೆಸಿ. ಅಸಿಟೋನ್ ಪೂರ್ತಿ ಆರಿದ ಕೂಡಲೇ, ಒಳಗಿನ ಎಣ್ಣೆ ಮತ್ತೆ ಮೇಲಕ್ಕೆ ಬರುವ ಮುನ್ನ, ಎರಡೂ ಮೈಗಳಿಗೆ ಏನೂ ಬೆರೆಸದ ಎಪಾಕ್ಸಿ ಹಚ್ಚಿ. ಅದು ಮರಕ್ಕೆ ಇಳಿಯಲು ಕೆಲವು ನಿಮಿಷ ಬಿಟ್ಟು, ಸಿಲಿಕಾ ಪುಡಿಯಿಂದ ಗಟ್ಟಿಮಾಡಿದ ಎಪಾಕ್ಸಿಯನ್ನು ಒಂದು ಮೈಗೆ ಹರಡಿ ಜೋಡಿಸಿ. ಕ್ಲಾಂಪನ್ನು ಶಕ್ತಿಯಿದ್ದಷ್ಟೂ ಬಿಗಿಯಬೇಡಿ. ಅಂಚುಗಳಲ್ಲಿ ಅಂಟು ಮಣಿಮಣಿಯಾಗಿ ಹೊರಬಂದರೆ ಸಾಕು. ಹೆಚ್ಚು ಬಿಗಿದರೆ ಅಂಟೆಲ್ಲ ಹೊರಗೆ ಹರಿದು ಕೂಡು ಬರಿದಾಗುತ್ತದೆ. ಅಸಿಟೋನ್ ಬೇಗ ಹೊತ್ತಿಕೊಳ್ಳುವ ದ್ರವವಾದ್ದರಿಂದ ಗಾಳಿಯಾಡುವ ಜಾಗದಲ್ಲಿ, ಬೆಂಕಿ ಕಿಡಿಗಳಿಂದ ದೂರವಿದ್ದು ಈ ಕೆಲಸ ಮಾಡಿ.

ಮತ್ತೆ ಕೂರಿಸುವುದು

ಮೊದಲು ಸೀಲಂಟಿಲ್ಲದೆ ಪಟ್ಟಿಯನ್ನು ಕೂರಿಸಿ, ಎಲ್ಲ ರಂಧ್ರಗಳೂ ಹೊಂದುತ್ತವೆಯೇ ನೋಡಿ. ಸ್ಕ್ರೂಗಳಿಗೆ ಸಿಲಿಕಾನ್ ಕಂಚು ಅಥವಾ 316 ದರ್ಜೆಯ ಸ್ಟೇನ್‌ಲೆಸ್ ಉಕ್ಕು ಆರಿಸಿ. ಹಿತ್ತಾಳೆ ಬೇಡ. ಸಮುದ್ರದ ನೀರಿನಲ್ಲಿ ಅದರೊಳಗಿನ ಸತು ಕರಗಿಹೋಗಿ ಸ್ಕ್ರೂ ಪೊಳ್ಳಾಗುತ್ತದೆ. ಸ್ಟೇನ್‌ಲೆಸ್ ಕೂಡ ಗಾಳಿಯಾಡದ ಒದ್ದೆ ಸಂದಿಯಲ್ಲಿ ತಿನ್ನಲ್ಪಡುತ್ತದೆ, ಆದ್ದರಿಂದ ಸೀಲಂಟು ಚೆನ್ನಾಗಿರಬೇಕಾದದ್ದು ಸ್ಕ್ರೂವಿನ ಆಯುಷ್ಯಕ್ಕೂ ಅಗತ್ಯ.

ಡೆಕ್ಕಿನ ಪ್ರತಿ ರಂಧ್ರದ ಬಾಯನ್ನು ತುಸು ಇಳಿಜಾರಾಗಿ ಕೊರೆಯಿರಿ. ಆ ತಗ್ಗಿನಲ್ಲಿ ನಿಲ್ಲುವ ಸೀಲಂಟು ಬೋಲ್ಟಿನ ಸುತ್ತ ಒಂದು ಉಂಗುರವಾಗುತ್ತದೆ, ನೀರನ್ನು ತಡೆಯುವುದು ನಿಜವಾಗಿ ಈ ಉಂಗುರವೇ. ಸೀಲಂಟಿನ ಆಯ್ಕೆಯಲ್ಲಿ ನನ್ನ ಒಲವು ಸ್ಪಷ್ಟ: ಬೋಲ್ಟು ಹಾಕಿದ ಪಟ್ಟಿಗೆ ಬ್ಯುಟೈಲ್ ಟೇಪ್ (ಜಿಗುಟಾದ ರಬ್ಬರ್ ಪಟ್ಟಿ) ಅಥವಾ ಪಾಲಿಸಲ್ಫೈಡ್ (ರಬ್ಬರಿನಂತೆ ಗಟ್ಟಿಯಾಗುವ ಸೀಲಂಟು). ತೇಗದ ಮೇಲೆ ಪಾಲಿಸಲ್ಫೈಡ್‌ಗೆ ಅದರದೇ ಪ್ರೈಮರ್ ಹಚ್ಚಬೇಕು. ಶಾಶ್ವತವಾಗಿ ಅಂಟುವ ಪಾಲಿಯುರೆಥೇನ್ ಬಳಸಿದರೆ ಮುಂದೆ ಬಿಚ್ಚುವವರು ಮರವನ್ನೂ ಜೆಲ್‌ಕೋಟನ್ನೂ ಕಿತ್ತುಕೊಂಡೇ ಬಿಚ್ಚಬೇಕಾಗುತ್ತದೆ. ಸಿಲಿಕೋನ್ ಯಾವ ಕಾರಣಕ್ಕೂ ಬೇಡ.

ಪಟ್ಟಿಯ ಎರಡೂ ಬದಿಯ ಜೆಲ್‌ಕೋಟಿಗೆ ಮಾಸ್ಕಿಂಗ್ ಟೇಪ್ ಹಚ್ಚಿ, ಸೀಲಂಟನ್ನು ಧಾರಾಳವಾಗಿ ಹಾಕಿ, ನಡುವಿನಿಂದ ಎರಡೂ ತುದಿಗಳ ಕಡೆಗೆ ಸ್ಕ್ರೂಗಳನ್ನು ಬಿಗಿಯುತ್ತಾ ಹೋಗಿ. ಪಾಲಿಸಲ್ಫೈಡ್ ಆದರೆ ಮೊದಲ ದಿನ ಅರ್ಧ ಬಿಗಿದು, ಅದು ರಬ್ಬರಿನಂತಾದ ಮೇಲೆ ಉಳಿದರ್ಧ. ಬ್ಯುಟೈಲ್ ಗಟ್ಟಿಯಾಗುವ ವಸ್ತುವಲ್ಲ, ಅದು ನಿಧಾನವಾಗಿ ಹಿಂಡಿಕೊಳ್ಳುತ್ತದೆ. ಕೆಲವು ದಿನಗಳ ಅಂತರದಲ್ಲಿ ಮತ್ತೆ ಮತ್ತೆ ಕಾಲು ಸುತ್ತು ಬಿಗಿಯಬೇಕು. ಬಿಗಿಯುವಾಗ ಮೇಲಿನ ಬೋಲ್ಟನ್ನು ಅಲುಗಾಡದಂತೆ ಹಿಡಿದು ಕೆಳಗಿನ ನಟ್ಟನ್ನು ಮಾತ್ರ ತಿರುಗಿಸಿ. ಬೋಲ್ಟು ತಿರುಗಿದರೆ ಸೀಲಂಟಿನ ಉಂಗುರ ಹರಿಯುತ್ತದೆ. ಇದಕ್ಕೆ ಇಬ್ಬರು ಬೇಕು.

ಬಿರಡೆಗಳು

ಅಂಗಡಿಯ ಬಿರಡೆಗಿಂತ, ತೇಪೆ ಮಾಡಿ ಉಳಿದ ಅದೇ ತುಂಡಿನಿಂದ ಬಿರಡೆ ಕತ್ತರಿಸುವ ಡ್ರಿಲ್ ಬಿಟ್ ಬಳಸಿ ನೀವೇ ಮಾಡಿಕೊಂಡದ್ದು ಬಣ್ಣಕ್ಕೆ ಚೆನ್ನಾಗಿ ಹೊಂದುತ್ತದೆ. ರಂಧ್ರದ ಆಳ ಸಾಲದಿದ್ದರೆ ಸ್ಕ್ರೂ ಕೂರಿಸುವ ಮೊದಲೇ ಆಳ ಮಾಡಿರಬೇಕು. ಆದರೆ ಸ್ಕ್ರೂವಿನ ತಲೆಯ ಕೆಳಗೆ ಪಟ್ಟಿಯನ್ನು ಹಿಡಿಯುವಷ್ಟು ಮರ ಉಳಿದಿದೆಯೇ ಎಂದು ನೋಡಿಕೊಂಡು ಮಾಡಿ. ಬಿರಡೆಯನ್ನು ವಾರ್ನಿಷ್‌ನಲ್ಲಿ ಅದ್ದಿ, ಅದರ ಎಳೆ ಪಟ್ಟಿಯ ಎಳೆಯ ದಿಕ್ಕಿಗೆ ಹೊಂದುವಂತೆ ತಿರುಗಿಸಿ, ಕೊಡತಿಯಿಂದ ಮೆಲ್ಲಗೆ ತಟ್ಟಿ. ತೆಳುವಾದ ಪಟ್ಟಿಯಲ್ಲಿ, ಆಳ ಕಡಿಮೆಯಿರುವಲ್ಲಿ ಎಪಾಕ್ಸಿ ಬೇಕಾಗಬಹುದು. ಉಳಿದೆಡೆ ವಾರ್ನಿಷ್ ಸಾಕು, ಮುಂದೊಂದು ದಿನ ಸುಲಭವಾಗಿ ಬರುತ್ತದೆ.

ಒಣಗಿದ ಮೇಲೆ ಬಿರಡೆಯ ತಲೆಯನ್ನು ಒಂದೇ ಏಟಿಗೆ ಕತ್ತರಿಸಬೇಡಿ. ಮೇಲ್ಮೈಯಿಂದ 3 ಮಿ.ಮೀ. ಎತ್ತರದಲ್ಲಿ ಉಳಿಯಿಟ್ಟು ಮೊದಲ ಪದರ ತೆಗೆಯಿರಿ. ಎಳೆ ಯಾವ ಕಡೆ ಇಳಿಯುತ್ತದೆ ಎಂಬುದು ಆಗ ಕಾಣುತ್ತದೆ. ಇಳಿಯುವ ಕಡೆಗೆ ಕತ್ತರಿಸಿದರೆ ಬಿರಡೆ ಮೇಲ್ಮೈಗಿಂತ ಕೆಳಕ್ಕೆ ಸೀಳುತ್ತದೆ. ಎದುರು ದಿಕ್ಕಿನಿಂದ, ಎಳೆ ಮೇಲಕ್ಕೆ ಏರುವಂತೆ, ತೆಳು ತೆಳುವಾಗಿ ತೆಗೆಯುತ್ತಾ ಬನ್ನಿ.

ಲೇಪ

ಮೂರು ದಾರಿಗಳಿವೆ. ಏನೂ ಹಚ್ಚದೆ ಬೆಳ್ಳಿಬಣ್ಣಕ್ಕೆ ತಿರುಗಲು ಬಿಡುವುದು, ಎಣ್ಣೆ ಹಚ್ಚುವುದು, ವಾರ್ನಿಷ್ ಹಚ್ಚುವುದು. ಹಗ್ಗ ಓಡುವ, ಕಾಲು ತುಳಿಯುವ ಅಂಚುಪಟ್ಟಿಯನ್ನು ಬರಿದಾಗಿ ಬಿಡುವುದೇ ಸರಿ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಅಲ್ಲಿ ವಾರ್ನಿಷ್ ಉಳಿಯುವುದಿಲ್ಲ. ಒಡೆದ ವಾರ್ನಿಷ್ಷಿನ ಕೆಳಗೆ ನೀರು ಸೇರಿ ಮರ ಕಪ್ಪಾಗುತ್ತದೆ, ಅದನ್ನು ತೆಗೆಯಲು ಮತ್ತೆ ಕೆರೆಯಬೇಕು, ಮತ್ತೆ ದಪ್ಪ ಹೋಗುತ್ತದೆ. ಎಣ್ಣೆಯ ಹೊಳಪು ಬಿಸಿಲಿನಲ್ಲಿ ಕೆಲವೇ ವಾರ ಅಥವಾ ತಿಂಗಳು ಇರುತ್ತದೆ, ಆಮೇಲೆ ಅದೇ ಎಣ್ಣೆ ಬೂಷ್ಟಿಗೆ ಆಹಾರವಾಗಿ ಮರ ಕಪ್ಪಿಡುತ್ತದೆ. ಎಣ್ಣೆ ಹಚ್ಚಿದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯಬೇಡಿ. ಅಗಸೆ ಎಣ್ಣೆಯಂಥ ಒಣಗುವ ಎಣ್ಣೆಗಳು ತಾವೇ ಬಿಸಿಯಾಗಿ ಹೊತ್ತಿಕೊಳ್ಳುತ್ತವೆ. ಬಟ್ಟೆಯನ್ನು ನೀರಿನಲ್ಲಿ ನೆನೆಸಿ, ಬಿಡಿಸಿ ಹರಡಿ ಒಣಗಿಸಿದ ಮೇಲೆ ಮಾತ್ರ ಎಸೆಯಿರಿ.

ವಾರ್ನಿಷ್ ಚೆನ್ನಾಗಿ ಕಾಣುವುದು, ಬಾಳುವುದು ಕ್ಯಾಬಿನ್ ಬಾಯಿಯ ಚೌಕಟ್ಟು, ಬಾಗಿಲ ಹಲಗೆ, ಹೊದಿಕೆ ಹಾಕಿಡಬಹುದಾದ ಹಿಡಿಪಟ್ಟಿಗಳ ಮೇಲೆ. ಮರವನ್ನು ಅಸಿಟೋನ್‌ನಿಂದ ಒರೆಸಿ, ಮೊದಲ ಲೇಪಕ್ಕೆ ಸಮಪಾಲು ಥಿನ್ನರ್ ಬೆರೆಸಿ, ಎರಡನೆಯದಕ್ಕೆ ಕಾಲುಪಾಲು, ಮೂರನೆಯದಕ್ಕೆ ಹತ್ತನೇ ಒಂದು ಪಾಲು, ಆಮೇಲೆ ಬರಿಯ ವಾರ್ನಿಷ್. ಒಟ್ಟು ಆರರಿಂದ ಎಂಟು ಲೇಪ ಬೇಕು, ಅದಕ್ಕಿಂತ ಕಡಿಮೆಯಾದರೆ ನೇರಳಾತೀತ ಕಿರಣ ಮರದವರೆಗೆ ತಲುಪಿ ವಾರ್ನಿಷ್ಷಿನ ಕೆಳಗಿನಿಂದಲೇ ಹಿಡಿತ ಬಿಡಿಸುತ್ತದೆ. ಲೇಪಗಳ ನಡುವೆ 320ರ ಮರಳುಕಾಗದ ಹಗುರವಾಗಿ ಆಡಿಸಿ. ಪಟ್ಟಿಯ ತುದಿಯ ಅಡ್ಡಕೊಯ್ತದ ಮೈ ಲೇಪವನ್ನು ಕುಡಿಯುತ್ತಲೇ ಇರುತ್ತದೆ, ಅಲ್ಲಿ ಪ್ರತಿ ಸಲವೂ ಎರಡು ಬಾರಿ ಹಚ್ಚಿ. ಬೆಳಗಿನ ಇಬ್ಬನಿ ಪೂರ್ತಿ ಆರಿದ ಮೇಲೆ ಶುರುಮಾಡಿ, ಸಂಜೆಯ ತೇವ ಇಳಿಯುವುದಕ್ಕೆ ಸಾಕಷ್ಟು ಮುಂಚೆ ನಿಲ್ಲಿಸಿ. ಆಮೇಲೆ ಬಿಸಿಲಿನ ತೀಕ್ಷ್ಣತೆಗೆ ತಕ್ಕಂತೆ ವರ್ಷಕ್ಕೆ ಒಂದೆರಡು ಹೊಸ ಲೇಪ, ಹಳೆಯದು ಒಡೆಯುವ ಮೊದಲೇ. ಅದು ನಿಮ್ಮಿಂದ ಆಗದೆಂದರೆ ವಾರ್ನಿಷ್ ಆರಂಭಿಸಲೇಬೇಡಿ, ಬರಿ ತೇಗ ಅದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ.

ಕೆಲಸವಾದ ಮೇಲೆ

ವಾರ್ನಿಷ್‌ಗೆ ಪೆಟ್ಟು ಬಿದ್ದು ಮರ ಕಂಡರೆ ಅಂದೇ ಅಲ್ಲಿಗೆ ಒಂದು ಹನಿ ವಾರ್ನಿಷ್ ಮುಟ್ಟಿಸಿ, ಅಂದವಾಗಿ ಮಾಡುವುದು ಆಮೇಲಿದ್ದರೂ ಆಯಿತು. ಬರಿ ತೇಗಕ್ಕೆ ಆಗಾಗ ಸಮುದ್ರದ ನೀರು ಎರಚಿ, ಮೆತ್ತನೆಯ ಸ್ಪಂಜಿನಿಂದ ಎಳೆಗೆ ಅಡ್ಡವಾಗಿ ಒರೆಸಿದರೆ ಪಾಚಿ ಹಿಡಿಯುವುದಿಲ್ಲ. ತೇಗದ ಉಳಿಕೆ ತುಂಡುಗಳನ್ನು, ಬಿರಡೆಗಳನ್ನು ಒಂದು ಡಬ್ಬದಲ್ಲಿ ದೋಣಿಯಲ್ಲೇ ಇಡಿ.

ಮೊದಲ ಜೋರು ಮಳೆ ಬಂದಾಗ ಟಾರ್ಚು ಹಿಡಿದು ಕ್ಯಾಬಿನ್ನಿನೊಳಗೆ ಹೋಗಿ, ಬಿಚ್ಚಿ ಕೂರಿಸಿದ ಪ್ರತಿ ನಟ್ಟಿನ ಸುತ್ತ ಟಿಷ್ಯೂ ಕಾಗದ ಒತ್ತಿ ನೋಡಿ. ಕಾಗದ ಒದ್ದೆಯಾದರೆ ಆ ಒಂದು ಬೋಲ್ಟಿಗೆ ಮಾತ್ರ ಗುರುತು ಹಾಕಿ. ಒಣ ದಿನ ಬಂದ ಕೂಡಲೇ ಅದರ ಬಿರಡೆ ತೆಗೆದು, ಬೋಲ್ಟು ಎತ್ತಿ, ರಂಧ್ರವನ್ನು ಒಣಗಿಸಿ, ಹೊಸ ಬ್ಯುಟೈಲ್ ಸುತ್ತಿ ಮತ್ತೆ ಬಿಗಿಯಿರಿ. ಬಿರಡೆಯನ್ನು ವಾರ್ನಿಷ್‌ನಲ್ಲಿ ಕೂರಿಸಿದ್ದರೆ ಈ ಕೆಲಸಕ್ಕೆ ಅರ್ಧ ಗಂಟೆಯೂ ಬೇಕಾಗುವುದಿಲ್ಲ.